ಗೂಳಪ್ಪನ ಸುಮ್ಮನಿರದ ಕೈ

ನನ್ನ ತಾಳ್ಮೆಯಲ್ಲಿ ಅರ್ಧ ನನ್ನದಲ್ಲ. ಅದು ಸಿದ್ರಾಮ ಮೇಷ್ಟ್ರದ್ದು. ಹನ್ನೆರಡು ವರ್ಷದ ಹಿಂದೆ ನಾನೇ ಕೈಯಾರೆ ಅವರಿಂದ ಕಸಿದುಕೊಂಡದ್ದು. ವಾಪಸ್ ಕೊಡೋಣವೆಂದರೆ, ಕೂತು ತೆಗೆದುಕೊಳ್ಳಲು ಅವರಿಗೆ ತಾಳ್ಮೆಯಿಲ್ಲ. ಈ ಮಾತು ಹೇಳಿದರೆ ಊರಿನವರು ಬಿದ್ದು ಬಿದ್ದು ನಗುತ್ತಾರೆ. ನಗಲಿ ಬಿಡಿ. ನನಗೆ ಮಾತ್ರ ನಗು ಬರುವುದಿಲ್ಲ.

ನಮ್ಮೂರಲ್ಲಿ ಒಬ್ಬರ ಕೈಯಲ್ಲಿರುವ ಕೆಲಸವನ್ನು ಇನ್ನೊಬ್ಬರು ಮೂರು ಸಲ ಕಸಿದುಕೊಂಡರೆ ಆ ಕೆಲಸ ಕಸಿದುಕೊಂಡವರದ್ದೇ ಆಗಿಬಿಡುತ್ತದೆ. ‘ಅಯ್ಯೋ, ಹಂಗಲ್ಲ, ಕೊಡಿಲ್ಲಿ’ ಎಂದು ಮೊದಲ ಸಲ ಅಂದಾಗ ಕೈ ಸ್ವಲ್ಪ ತಡವರಿಸುತ್ತದೆ. ಎರಡನೆಯ ಸಲಕ್ಕೆ ನಡುಗುತ್ತದೆ. ಮೂರನೆಯ ಸಲಕ್ಕೆ ಮುಗಿಯಿತು, ಆ ಕೈಗೆ ಆ ಕೆಲಸ ಮರೆತೇಹೋಗುತ್ತದೆ. ಹಾಗಾಗಿ ನಮ್ಮ ತಾಯಂದಿರು ಮಗು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಎರಡೂ ಕೈಗೆ ಸೆರಗು ಸುತ್ತಿಕೊಂಡು ಗೋಡೆ ನೋಡುತ್ತ ನಿಲ್ಲುತ್ತಾರೆ. ಹೊಸದಾಗಿ ಮದುವೆಯಾದ ಗಂಡಂದಿರಿಗೆ ಪ್ರೀತಿ ಉಕ್ಕಿದರೂ ಹೆಂಡತಿಯ ಕೈಯ ಕೊಡ ಇಸಿದುಕೊಳ್ಳುವಾಗ ಬೆರಳಲ್ಲಿ ಎಣಿಸಿಕೊಳ್ಳುತ್ತಾರೆ. ನಮ್ಮೆಜಮಾನರಿಗೆ ಬಾಳೆಹಣ್ಣು ಸುಲಿಯಲು ಬರುವುದಿಲ್ಲ. ಆರು ವರ್ಷದವರಿದ್ದಾಗ ನಮ್ಮತ್ತೆ ಮುದ್ದಿಗೆಂದು ಮೂರು ಸಲ ಸುಲಿದುಕೊಟ್ಟಿದ್ದರಂತೆ. ಅರವತ್ತೆಂಟರಲ್ಲೂ ಹಣ್ಣು ಹಿಡಿದುಕೊಂಡು ನನ್ನ ಮುಖ ನೋಡುತ್ತಾರೆ. ಅತ್ತೆ ತೀರಿಕೊಂಡ ದಿನವೇ ಆ ಆಸೆಯೂ ಹೋಯಿತು, ಯಾಕೆಂದರೆ ಕಸಿದುಕೊಂಡವರೇ ವಾಪಸ್ ಕೊಡಬೇಕು.

ಕೊಡುವುದು ಅಂದರೆ ಸುಲಭ ಅಂದುಕೊಳ್ಳಬೇಡಿ. ಕಸಿದುಕೊಂಡವರು ಪಕ್ಕದಲ್ಲಿ ಕೂತು, ತೊಡೆಯ ಮೇಲೆ ಕೈ ಇಟ್ಟುಕೊಂಡು, ಇನ್ನೊಬ್ಬರು ಆ ಕೆಲಸವನ್ನು ಕೆಡಿಸುವುದನ್ನು ನೋಡುತ್ತಿರಬೇಕು. ಕೈ ಹಾಕುವಂತಿಲ್ಲ, ಬಾಯಿ ಹಾಕುವಂತಿಲ್ಲ. ಬಾಯಿಯೂ ಕಸಿಯುತ್ತದೆ. ಅವರಾಗಿಯೇ ‘ಬನ್ನಿ, ಸ್ವಲ್ಪ ಹಿಡೀರಿ’ ಎಂದು ಕರೆದರೆ ಮಾತು ಬೇರೆ, ಕರೆದಾಗ ಹೋದರೆ ಅದು ಕಸಿದಂತಲ್ಲ. ಹೋಗುವುದಕ್ಕೆ ಮೂರು ಸಲ ಸಾಕು, ಬರುವುದಕ್ಕೆ ಮಾತ್ರ ಇಷ್ಟೇ ದಿನ ಎಂದಿಲ್ಲ. ಹತ್ತಾರು ಜನರನ್ನು ಕಟ್ಟಿಕೊಂಡು ಕೆಲಸ ನಡೆಸುವ ಯಜಮಾನರಿಗೇ ಈ ಕೈಚಟ ಜಾಸ್ತಿ. ಅಂಥವರ ಪಕ್ಕ ಕೂರುವುದೇ ನನ್ನ ಕಸುಬು. ನಮ್ಮೂರಲ್ಲಿ ನಮ್ಮನ್ನು ಪಕ್ಕ ಕೂರುವವರು ಅಂತಲೇ ಕರೆಯುತ್ತಾರೆ.

ಸಿದ್ರಾಮ ಮೇಷ್ಟ್ರು ನಮ್ಮ ಶಾಲೆಯ ಹೆಡ್‌ಮಾಸ್ಟರು. ಪಾಠದ ನಡುವೆ ನುಗ್ಗಿ ಟೀಚರುಗಳ ಕೈಯ ಚಾಕ್‌ಪೀಸು ಕಸಿಯುತ್ತಿದ್ದರು. ಆಗ ನಾನು ಕಸುಬಿಗೆ ಹೊಸಬಳು, ಹೆಸರು ಮಾಡುವ ಹುಚ್ಚು. ಅವರ ಕೈ ಚಾಕ್‌ಪೀಸಿನ ಕಡೆ ಹೋದಾಗಲೆಲ್ಲ ಗಬಕ್ಕನೆ ಮಣಿಕಟ್ಟು ಹಿಡಿದೆ. ಒಂದು ದಿನ, ಎರಡು ದಿನ, ಮೂರು ದಿನ. ಶಾಲೆ ತಣ್ಣಗಾಯಿತು. ‘ಮೂರೇ ದಿನಕ್ಕೆ!’ ಎಂದು ಊರೆಲ್ಲ ಹೊಗಳಿತು, ನನಗೆ ಹಾರ ಹಾಕಿದರು. ನಾಲ್ಕನೆಯ ದಿನ ನಾನು ಹೋಗಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಮೇಷ್ಟ್ರು ಅಷ್ಟೂ ಟೀಚರುಗಳ ಚಾಕ್‌ಪೀಸು ಕಸಿದಿದ್ದರು. ತಡೆದುಕೊಳ್ಳುವ ಕೆಲಸವನ್ನೇ ನಾನು ಅವರ ಕೈಯಿಂದ ಮೂರು ಸಲಕ್ಕಿಂತ ಹೆಚ್ಚೇ ಕಸಿದಿದ್ದೆ ನೋಡಿ! ಅವತ್ತಿನಿಂದ ಅವರು ಗುರುವಾರ ಮಾತ್ರ ತರಗತಿಗಳಿಗೆ ಬರುತ್ತಾರೆ, ಅದೂ ನಾನು ಪಕ್ಕದಲ್ಲಿ ನಿಂತಿದ್ದರೆ. ಮಿಕ್ಕ ದಿನ ತಮ್ಮ ಕೈಗೆ ತಾವೇ ಹೆದರಿಕೊಂಡು ಆಫೀಸಿನ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಈ ವರ್ಷ ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಕಡವಿನ ಗೂಳಪ್ಪನ ಹೆಂಡತಿ ಕೊಟ್ರಮ್ಮ ನಮ್ಮ ಮನೆ ಬಾಗಿಲಿಗೆ ಬಂದಳು.

“ಸಾವಂತ್ರಕ್ಕ, ನಮ್ಮೆಜಮಾನ್ರಿಗೆ ರಾತ್ರಿ ಊಟದ ಹೊತ್ತಿಗೆ ಬಲಗೈ ಎತ್ತೋಕಾಗ್ತಿಲ್ಲ. ತುತ್ತು ನಾನಿಡ್ತೀನಿ ಅಂದ್ರೆ ಬೇಡ ಅಂತಾರೆ. ಮೂರು ಸಲ ಇಟ್ರೆ ಉಣ್ಣೋದೇ ಮರೆತೋಗುತ್ತೆ ಅಂತ ಭಯ ಅವರಿಗೆ. ನಗಬ್ಯಾಡ್ರೀ ಅಕ್ಕ, ನಂಗೆ ಅಳು ಬರ್ತೈತಿ.”

ನಾನು ನಗಲಿಲ್ಲ. ಗೂಳಪ್ಪನ ಕಥೆ ಊರಿಗೇ ಗೊತ್ತಿತ್ತು. ಹೊಳೆ ದಾಟಿಸುವ ಕಡವಿಗೆ ಅವನು ಯಜಮಾನ. ಅವನ ಕೈಕೆಳಗೆ ಆರು ದೋಣಿ, ಆರು ಜನ ಅಂಬಿಗರು. ಒಬ್ಬ ಸುಸ್ತಾದಂತೆ ಕಂಡರೆ ‘ಕೊಡಿಲ್ಲಿ ತಮ್ಮಾ’ ಅನ್ನುವನು. ಇನ್ನೊಬ್ಬ ಸುಳಿಯ ಹತ್ತಿರ ತಡವರಿಸಿದರೆ ‘ಕೊಡಿಲ್ಲಿ’ ಎಂದು ಹುಟ್ಟು ತೆಗೆದುಕೊಳ್ಳುವನು. ಕೆಟ್ಟವನಲ್ಲ, ಬೈದವನಲ್ಲ, ಪ್ರೀತಿಯಿಂದಲೇ ಆರೂ ಜನರ ಕೈ ಖಾಲಿ ಮಾಡಿಟ್ಟಿದ್ದ. ಕೊನೆಯವಳು ಅವನ ಅಕ್ಕನ ಮಗಳು ಓಬವ್ವ. ಇಪ್ಪತ್ತನೇ ವಯಸ್ಸಿಗೇ ಗಂಡಸರನ್ನು ಮೀರಿಸಿ ಹುಟ್ಟು ಹಾಕುತ್ತಿದ್ದವಳು ಈಗ ಎಂಟು ವರ್ಷದಿಂದ ಜನರ ಚೀಲ ಎತ್ತಿಡುತ್ತಿದ್ದಳು. ಐದು ದೋಣಿ ಮರಳ ಮೇಲೆ ಬೋರಲು ಬಿದ್ದಿದ್ದವು. ಏಳು ಜನರ ಹುಟ್ಟು ಒಬ್ಬನ ಭುಜದಲ್ಲಿ ಕೂತಿತ್ತು. ಆಸ್ಪತ್ರೆ, ಸಂತೆ, ಎಲ್ಲ ಆಚೆ ದಡದಲ್ಲಿ. ಜನ ಒಂದೇ ದೋಣಿಗೆ ಅರ್ಧ ದಿನ ಕಾಯುತ್ತಿದ್ದರು.

ವೈದ್ಯರು ಭುಜ ಮುಟ್ಟಿ ನೋಡಿ ಹೇಳಿದ್ದರಂತೆ: “ಆರಿದ್ರಾ ಮಳೆಗೆ ಹೊಳೆ ತುಂಬುತ್ತೆ. ತುಂಬಿದ ಹೊಳೇಲಿ ಒಂದು ವಾರ ಹುಟ್ಟು ಹಾಕಿದ್ರೆ ಈ ಭುಜ ಹೋಯ್ತು ಅಂತಲೇ ತಿಳ್ಕೊ.” ಭುಜ ಹೋದರೆ ಅದರೊಳಗಿದ್ದದ್ದೂ ಹೋಗುತ್ತದೆ, ನಮ್ಮತ್ತೆಯ ಜೊತೆ ಬಾಳೆಹಣ್ಣು ಹೋದ ಹಾಗೆ. ಆಮೇಲೆ ಓಬವ್ವನಿಗೂ ಇಲ್ಲ, ಯಾರಿಗೂ ಇಲ್ಲ, ಹೊಳೆ ದಾಟಿಸುವವರೇ ಇಲ್ಲ. ನಮಗಿದ್ದದ್ದು ನಾಲ್ಕು ತಿಂಗಳು.

ಗೂಳಪ್ಪ ಮಾರನೆಯ ದಿನ ತಾನೇ ಬಂದ. ಕಟ್ಟೆಯ ಮೇಲೆ ಕೂತು ಮೊದಲು ಕೇಳಿದ್ದೇ, “ಎಷ್ಟು ದಿನ ಆಗ್ತದೆ ಅಕ್ಕ?”

“ಹೇಳೋಕಾಗಲ್ಲ.”

“ಅಂದಾಜು?”

“ಅಂದಾಜೂ ಆಗಲ್ಲ ಕಣಪ್ಪ. ಒಂದು ವಾರದಲ್ಲಂತೂ ಆಗಲ್ಲ.”

ಅವನ ಮುಖ ಸಪ್ಪಗಾಯಿತು. ಅದೇ ಹೊತ್ತಿಗೆ ಊರ ಛತ್ರದಲ್ಲಿ ಮೃತ್ಯುಂಜಯ ಮಾಸ್ತರ ಎಂಬಾತ ಶಿಬಿರ ಹಾಕಿದ್ದ. ‘ಏಳು ದಿನದಲ್ಲಿ ನಿಮ್ಮ ಕೈ ನಿಮ್ಮ ಹತೋಟಿಗೆ’ ಎಂದು ಬಟ್ಟೆಯ ಮೇಲೆ ಬರೆಸಿದ್ದ. ಬಂದವರ ಎರಡೂ ಮಣಿಕಟ್ಟನ್ನು ಸೇರಿಸಿ ಕೆಂಪು ಪಟ್ಟಿ ಕಟ್ಟುವುದು, ‘ನಾನು ಬಿಟ್ಟೆ, ನಾನು ಬಿಟ್ಟೆ’ ಎಂದು ಎಲ್ಲರಿಂದ ಕೂಗಿಸುವುದು, ಕೊನೆಗೊಂದು ಶಾಲು ಹೊದೆಸುವುದು. ಆಳು ಲಕ್ಷಣವಾಗಿದ್ದ, ಒಳ್ಳೆ ಮಾತುಗಾರ. ಗೂಳಪ್ಪ ಅಲ್ಲಿಗೆ ಹೋದ. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಮೂರು ದಿನಕ್ಕೆ ಹಾರ ಹಾಕಿಸಿಕೊಂಡವಳು ಏಳು ದಿನದವನಿಗೆ ಬೈಯುವ ಹಾಗಿಲ್ಲ.

ಎಂಟನೆಯ ದಿನ ಕಡವಿನಲ್ಲಿ ಜಾತ್ರೆಗೆ ಸೇರಿದಂತೆ ಜನ. ಗೂಳಪ್ಪ ಶಾಲು ಹೊದ್ದು, ಕೆಂಪು ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತ. ಓಬವ್ವ ಹುಟ್ಟು ಹಿಡಿದಳು. ದೋಣಿ ಅಂಕುಡೊಂಕಾಗಿ ಹತ್ತು ಮಾರು ಹೋಯಿತು, ಜನ ಶಿಳ್ಳೆ ಹಾಕಿದರು. ಕೈ ಕಟ್ಟಿದ್ದರೇನು, ಬಾಯಿ ಕಟ್ಟಿರಲಿಲ್ಲವಲ್ಲ. “ಎಡಕ್ಕೆ ಓಬವ್ವ. ಎಡಕ್ಕೆ ಅಂದ್ನಲ್ಲ! ಅಷ್ಟು ಆಳ ಬ್ಯಾಡ. ಈಗ ಎತ್ತು, ಎತ್ತು, ಎತ್ತು!” ದಡದಲ್ಲಿ ನಿಂತ ನನಗೇ ಕೇಳುತ್ತಿತ್ತು. ದೋಣಿ ನೂಕುವಾಗಲೂ ಅದೇ ಬಾಯಿ. ಸಂಜೆಯೊಳಗೆ ಓಬವ್ವನಿಗೆ ದೋಣಿಯನ್ನು ಮರಳಿನಿಂದ ನೀರಿಗೆ ನೂಕುವುದು ಕೂಡ ಮರೆತುಹೋಗಿತ್ತು. ನಾಲ್ಕು ದಿನಕ್ಕೆ ಪಟ್ಟಿ ನೀರಲ್ಲಿ ನೆನೆದು ಹರಿಯಿತು. ಹರಿದ ಗಳಿಗೆಯಲ್ಲೇ ಕೈ ಹುಟ್ಟಿಗೆ ಹೋಯಿತಂತೆ.

ಅವನು ಮತ್ತೆ ನನ್ನ ಕಟ್ಟೆಗೆ ಬಂದಾಗ ನಾನು ಸುಮ್ಮನಿರಲಿಲ್ಲ. “ಬಾರಪ್ಪಾ ಏಳು ದಿನದ ಗಂಡು, ಶಾಲು ಎಲ್ಲಿ?” ಅಂದೆ.

“ಕೊಟ್ರಮ್ಮ ರೊಟ್ಟಿ ಬುಟ್ಟಿಗೆ ಮುಚ್ಚವ್ಳೆ,” ಎಂದು ತಲೆ ತಗ್ಗಿಸಿದ. “ಎಷ್ಟು ದಿನ ಅಂತ ಕೇಳಲ್ಲ ಅಕ್ಕ. ಪಕ್ಕ ಕೂತ್ಕೊಳ್ಳಿ.”

ಮಾರನೆಯ ಬೆಳಿಗ್ಗೆಯಿಂದ ಮೊಣಕಾಲುದ್ದದ ನೀರಲ್ಲಿ ಶುರು ಮಾಡಿದೆವು. ಓಬವ್ವ ಹಿಂದೆ ನಿಂತು ಹುಟ್ಟು ಹಾಕುವುದು, ಗೂಳಪ್ಪ ನಡುವೆ, ನಾನು ಅವನ ಪಕ್ಕ. ದೋಣಿ ನಿಂತಲ್ಲೇ ಬುಗುರಿಯಂತೆ ತಿರುಗಿತು. ಗೂಳಪ್ಪ ಬಾಯಿ ಮುಚ್ಚಿಕೊಂಡ. ಆದರೆ ಅವನ ಮುಖ ಸುಮ್ಮನಿರಲಿಲ್ಲ. ಹುಬ್ಬು ಏರಿತು, ಮೂಗಿನಿಂದ ಉಸಿರು ಬುಸ್ಸೆಂದಿತು. ಅಷ್ಟಕ್ಕೇ ಓಬವ್ವನ ಕೈ ಸೋತಿತು. ಎರಡನೆಯ ದಿನ ದೋಣಿ ಕಲ್ಲಿನ ಕಡೆ ಹೊರಳಿದಾಗ ಅವನ ಕೈ ಹುಟ್ಟಿನತ್ತ ಹಾರಿತು, ನನ್ನ ಕೈ ಅವನ ಮಣಿಕಟ್ಟಿಗೆ ಹಾರಿತು. ಹಿಡಿದೇಬಿಟ್ಟೆ. ಹಿಡಿದ ಮೇಲೆ ಮೇಷ್ಟ್ರು ನೆನಪಾದರು. ಎಂಟು ದಿನ ಬಿಟ್ಟು, ಯಾರದೋ ಕೋಳಿಬುಟ್ಟಿ ನೀರಿಗೆ ಬಿದ್ದ ಗದ್ದಲದಲ್ಲಿ ಇನ್ನೊಂದು ಸಲ ಹಿಡಿದೆ.

ಮುಚ್ಚಿಡಲಿಲ್ಲ, ಅವತ್ತೇ ಹೇಳಿದೆ. “ಗೂಳಪ್ಪ, ತಪ್ಪು ನನ್ನದು. ಎರಡು ಸಲ ಆಯ್ತು. ಮೂರನೇ ಸಲ ನಾನು ನಿನ್ನ ಕೈ ಹಿಡಿದ್ರೆ ನೀನೂ ಸಿದ್ರಾಮ ಮೇಷ್ಟ್ರ ಥರಾನೇ. ನಾನಿಲ್ಲದೆ ನಿನ್ನ ಕೈ ನಿಲ್ಲಲ್ಲ.”

ಅವನು ನನ್ನನ್ನೇ ನೋಡಿದ. “ನನ್ನ ಪಕ್ಕ ನೀವು ಕೂತಿದ್ದೀರಿ. ನಿಮ್ಮ ಪಕ್ಕ ಯಾರು ಕೂರ್ತಾರೆ ಅಕ್ಕ?”

ಆ ಮಾತು ಮನೆಗೆ ಹೋದರೂ ಬಿಡಲಿಲ್ಲ.

ಓಬವ್ವ ಸಿಡಿದದ್ದು ಯುಗಾದಿ ಕಳೆದ ಮೇಲೆ. ಅವತ್ತು ದೋಣಿ ಚೆನ್ನಾಗಿಯೇ ಹೋಗುತ್ತಿತ್ತು. ಗೂಳಪ್ಪ ಏನೂ ಮಾಡಲಿಲ್ಲ, ‘ಚ್ಚ್’ ಎಂದು ಲೊಚಗುಟ್ಟಿದ, ಅಷ್ಟೇ. ಅವಳು ಹುಟ್ಟನ್ನು ನೀರಿಗೆ ಎಸೆದು, ದೋಣಿಯಿಂದ ಇಳಿದು ಸೊಂಟದುದ್ದ ನೀರಲ್ಲಿ ನಿಂತಳು.

“ಸಾಕು ಮಾವ! ಎಂಟು ವರ್ಷ ಆಯ್ತು. ನನ್ನ ಕೈ ನನಗೇ ಬೇರೆ ಯಾರದೋ ಕೈ ಅನ್ನಿಸುತ್ತೆ. ಕಸ್ಕೊಂಡು ಕಸ್ಕೊಂಡು ಅದಕ್ಕೆ ಪ್ರೀತಿ ಅಂತೀರಲ್ಲ!”

“ನಿಂಗೆ ಸುಸ್ತಾಗಿತ್ತಲ್ಲೇ ಅವತ್ತು...” ಗೂಳಪ್ಪನ ದನಿ ಉಡುಗಿತು.

“ಸುಸ್ತಾಗಿತ್ತು. ಆ ಸುಸ್ತೂ ನಂದೇ ಆಗಿತ್ತು ಮಾವ. ಅದನ್ಯಾಕೆ ತಗೊಂಡ್ರಿ?”

ಅವಳು ಅಳುತ್ತಿದ್ದಳು. ಅವನೂ ಅತ್ತ. ಐವತ್ತು ದಾಟಿದ, ಇಡೀ ಹೊಳೆಗೆ ಯಜಮಾನನಾದ ಗಂಡಸು ದೋಣಿಯಲ್ಲಿ ಕೂತು ಮಗುವಿನ ಹಾಗೆ ಅತ್ತ. ಸಮಾಧಾನ ಮಾಡಲು ನನ್ನ ನಾಲಿಗೆ ತುದಿಗೆ ಹತ್ತು ಮಾತು ಬಂದವು. ನುಂಗಿಕೊಂಡೆ. ಆ ಅಳುವೂ ಅವರದ್ದೇ, ನಾನು ಕಸಿಯಬಾರದು. ಸ್ವಲ್ಪ ಹೊತ್ತಿಗೆ ಓಬವ್ವ ತಾನೇ ಹೋಗಿ ತೇಲುತ್ತಿದ್ದ ಹುಟ್ಟು ತಂದಳು.

ಮಧ್ಯಾಹ್ನ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದಾಗ ಗೂಳಪ್ಪ ತಾನಾಗಿ ಬಾಯಿ ಬಿಟ್ಟ. “ಕೈ ಸುಮ್ಮನಿದ್ರೆ ನಾನು ಮೂಟೆ ಆಗ್ಬಿಡ್ತೀನಿ ಅಕ್ಕ. ದೋಣೀಲಿ ಮೂಟೆ ಹಾಕಿರ್ತಾರಲ್ಲ, ಹಂಗೆ. ಇಳಿಸಿದ್ರೆ ಇಳೀತು, ಮರೆತ್ರೆ ಅಲ್ಲೇ ಬಿತ್ತು. ಹುಟ್ಟು ಹಾಕದ ಗೂಳಪ್ಪನ್ನ ಯಾರು ಕೇಳ್ತಾರೆ?”

ಓಹೋ, ಗಂಟು ಇಲ್ಲಿದೆ ಅಂದುಕೊಂಡೆ. ಇಷ್ಟು ದಿನ ನಾವು ಹಿಡಿಯುತ್ತಿದ್ದದ್ದು ಬರೀ ಕೈಯನ್ನು. ಕೆಂಪು ಪಟ್ಟಿ ಕಟ್ಟಿದವನೂ ಅದನ್ನೇ ಕಟ್ಟಿದ್ದ. ಕೈಯ ಹಿಂದೆ ಈ ಭಯ ಕೂತಿರುವಷ್ಟು ದಿನ ಯಾವ ಕಟ್ಟೂ ನಿಲ್ಲುವುದಿಲ್ಲ.

“ಗೂಳಪ್ಪ, ಓಬವ್ವ ಹುಟ್ಟು ಹಾಕುವಾಗ ಯಾವ ಕಾಲ ಮೇಲೆ ಭಾರ ಬಿಡ್ತಾಳೆ?”

“ಅದೇನು ಕೇಳ್ತೀರಿ, ಬಲಗಾಲು. ಎಲ್ರೂ ಬಲಗಾಲೇ.”

“ಎಡಗಾಲು,” ಅಂದೆ. “ನಿನ್ನ ಸೊಸೆ ಎಡಗಾಲ ಹಿಮ್ಮಡಿ ಊರಿ ನಿಲ್ತಾಳೆ. ಅಷ್ಟು ವರ್ಷ ಅದೇ ದೋಣೀಲಿ ಇದ್ದು ಒಂದ್ಸಲನಾದ್ರೂ ನೋಡಿದ್ದೀಯಾ? ನಾಳೆಯಿಂದ ಅದೊಂದನ್ನೇ ನೋಡು. ಬೇರೇನೂ ಮಾಡಬೇಡ.”

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ನೋಡಿದ. ಮಾರನೆಯ ದಿನ ಹಿಮ್ಮಡಿ ನೋಡಿದ. ಅದರ ಮಾರನೆಯ ದಿನ, ಹಿಮ್ಮಡಿ ಗಟ್ಟಿಯಾಗಿ ಊರಿದ್ದರೆ ಅವಳಿಗೆ ದಾರಿ ಗೊತ್ತಿದೆ, ಎತ್ತಿದ್ದರೆ ಅನುಮಾನದಲ್ಲಿದ್ದಾಳೆ ಎಂದು ಅವನಿಗೇ ಹೊಳೆಯಿತು. ಓಡಿ ಬಂದು ನನಗೆ ಹೇಳಿದ, ನಿಧಿ ಸಿಕ್ಕವನ ಹಾಗೆ. ಆಮೇಲೆ ಅವಳು ನೀರಿನ ಯಾವ ಬಣ್ಣ ನೋಡಿ ಹುಟ್ಟು ಎತ್ತುತ್ತಾಳೆ ಅಂತ ನೋಡಿದ. ನೋಡುವುದರಲ್ಲಿ ಮುಳುಗಿದವನ ಹುಬ್ಬು ಏರುವುದಿಲ್ಲ ಎಂಬುದನ್ನು ನಾನೂ ಅವತ್ತೇ ಕಲಿತೆ. ಓಬವ್ವನ ಕೈಗೆ ದಿನಕ್ಕಿಷ್ಟು ಎಂದು ಹುಟ್ಟು ವಾಪಸಾಯಿತು. ವೈಶಾಖದ ಹೊತ್ತಿಗೆ ಅವಳು ಬತ್ತಿದ ಹೊಳೆಯಲ್ಲಿ ಜನರನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿಸುತ್ತಿದ್ದಳು. ‘ಭುಜದ ಮೇಲಿಂದ ಯಾರೋ ಒಬ್ರು ಇಳಿದು ಹೋದಂಗಾಯ್ತು ಅಕ್ಕ’ ಎಂದ ಗೂಳಪ್ಪ.

ನೇರವಾಗಿ ಹೋಯಿತು ಅಂದುಕೊಳ್ಳಬೇಡಿ. ರೋಹಿಣಿ ಮಳೆಯ ಸಮಯದಲ್ಲಿ ಆಚೆ ಊರಿನ ಬೀಗರು ಬಂದರು. ಅವರ ಎದುರಿಗೆ ಮೂಟೆಯಂತೆ ಕೂರಲು ಅವನಿಗೆ ನಾಚಿಕೆಯಾಯಿತು. ಒಂದೇ ಬೆಳಿಗ್ಗೆ ಎರಡು ಸಲ ಹುಟ್ಟು ಕಸಿದ. ಮೂರನೆಯದಕ್ಕೆ ಕೈ ಎತ್ತಿದವನು, ಯಾರೂ ಹೇಳದೆ, ದೋಣಿಯನ್ನು ದಡಕ್ಕೆ ಹಚ್ಚಿಸಿ ಇಳಿದು ಮನೆಗೆ ನಡೆದ. ಹೊಸ ದಿನ ಹೊಸ ಎಣಿಕೆ ಎಂದೇನೂ ನಮ್ಮಲ್ಲಿಲ್ಲ, ಬಂದದ್ದರಲ್ಲಿ ಅರ್ಧ ಹಿಂದಕ್ಕೆ ಹೋಗಿತ್ತು. ಊರ ಪಂಚರು ನನ್ನನ್ನು ಕರೆಸಿ, “ಏನಮ್ಮ, ಮೂರು ತಿಂಗಳಿಂದ ಬರೀ ಕೂತಿದ್ದೀರಂತೆ,” ಎಂದು ವ್ಯಂಗ್ಯವಾಡಿದರು. “ಹೌದು ಸ್ವಾಮಿ, ಕೂರೋದೇ ನನ್ನ ಕೆಲಸ,” ಎಂದು ಎದ್ದು ಬಂದೆ. ಮಾರನೆಯ ಬೆಳಿಗ್ಗೆ ಕಡವಿಗೆ ಹೋದರೆ ಗೂಳಪ್ಪ ಎಲ್ಲರಿಗಿಂತ ಮೊದಲೇ ಬಂದು ದೋಣಿಯ ನಡುವೆ ಕೈ ಕಟ್ಟದೆ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಓಡಿಹೋಗಿ ಅವನ ಪಕ್ಕ ಕೂತೆ.

ಆರಿದ್ರಾ ಮಳೆ ಆ ವರ್ಷ ಹಿಡಿದದ್ದೇ ಜೋರಾಗಿ. ಎರಡು ದಿನಕ್ಕೆ ಹೊಳೆ ಕೆಂಪಾಗಿ ಉಬ್ಬಿತು. ಮೂರನೆಯ ದಿನ ಮಳೆ ಬಿಟ್ಟಾಗ ದಡದಲ್ಲಿ ಒಂಬತ್ತು ಜನ ನಿಂತಿದ್ದರು. ಔಷಧಿ ಮುಗಿದು, ಆಚೆ ದಡದ ಆಸ್ಪತ್ರೆಯಿಂದ ಅದನ್ನು ತರಲು ಹೊರಟಿದ್ದ ವೈದ್ಯರೂ ಇದ್ದರು. ಗೂಳಪ್ಪ ಬಂದ. ಎಲ್ಲರ ಕಣ್ಣು ಅವನ ಭುಜದ ಮೇಲೆ.

“ಇವತ್ತೊಂದು ದಿನ ನೀನೇ ಹಾಕಪ್ಪ,” ಒಬ್ಬ ಅಂದ. “ತುಂಬಿದ ಹೊಳೇಲಿ ಹುಡುಗಾಟ ಬೇಡ.”

ಗೂಳಪ್ಪ ಓಬವ್ವನ ಕಡೆ ತಿರುಗಿದ. “ನಿಂಗೆ ಏನನ್ನಿಸುತ್ತೆ?” ಎಂದ. ಆ ಬಾಯಿಂದ ಅಂಥ ಪ್ರಶ್ನೆಯನ್ನು ನಾನು ಅದೇ ಮೊದಲು ಕೇಳಿದ್ದು.

ಅವಳು ಬಹಳ ಹೊತ್ತು ನೀರು ನೋಡಿದಳು. “ಹೋಗ್ಬಹುದು ಮಾವ. ಆಗ್ಲಿಲ್ಲ ಅಂದ್ರೆ ನಾನೇ ಕರೀತೀನಿ.”

“ಕರೆದ್ರೆ ಬರ್ತೀನಿ,” ಎಂದು ಗೂಳಪ್ಪ ಹೋಗಿ ನಡುವೆ ಕೂತ. ವೈದ್ಯರು ಮೊದಲು ಹತ್ತಿದರು. ಅವರನ್ನು ನೋಡಿ ಉಳಿದವರೂ ಗೊಣಗುತ್ತ ಹತ್ತಿದರು. ನಾನು ಗೂಳಪ್ಪನ ಪಕ್ಕ ಕೂತೆ.

ಹೊಳೆಯ ನಟ್ಟನಡುವೆ ಒಂದು ಬಂಡೆಯಿದೆ, ಅದರ ಪಕ್ಕಕ್ಕೆ ಆನೆಸುಳಿ. ಗೂಳಪ್ಪ ಮೂವತ್ತು ವರ್ಷದಿಂದ ಆ ಬಂಡೆಯಿಂದ ನೂರು ಮಾರು ಮೇಲೆ ಹೋಗಿ, ಸುತ್ತು ಹಾಕಿಕೊಂಡು ದಾಟಿಸುತ್ತಿದ್ದವನು. ಓಬವ್ವನೂ ಮೇಲಕ್ಕೇ ಹೋಗುತ್ತಿದ್ದಳು. ಆದರೆ ನೀರಿನ ಸೆಳೆತ ಅವತ್ತು ದೋಣಿಯನ್ನು ಕೆಳಕ್ಕೆ ತಳ್ಳಿತು. ಸುಳಿ ಕಣ್ಣಿಗೆ ಬಿತ್ತು. ಯಾರೋ ದೇವರ ಹೆಸರು ಹೇಳಿದರು. ಆಗ ಓಬವ್ವ ದೋಣಿಯ ಮೂತಿಯನ್ನು ಸೀದಾ ಬಂಡೆಯ ಕಡೆಗೆ ತಿರುಗಿಸಿದಳು.

ಗೂಳಪ್ಪನ ಬಲಗೈ ತೊಡೆಯಿಂದ ಎದ್ದಿತು. ನನ್ನ ಕೈಯೂ ಎದ್ದಿತು. ಅವನು ಹುಟ್ಟು ಹಿಡಿದರೆ ಅವಳದ್ದು ಹೋಗುತ್ತದೆ, ಬೀಗರ ಎದುರು ಎರಡು ಸಲ ಆಗಿಹೋಗಿತ್ತು. ನಾನು ಅವನನ್ನು ಹಿಡಿದರೆ ಅವನದ್ದು ಹೋಗುತ್ತದೆ, ನನ್ನದೂ ಎರಡಾಗಿತ್ತು. ಯಾರೂ ಏನೂ ಹಿಡಿಯದಿದ್ದರೆ ನಾವೆಲ್ಲ ಹೊಳೆಪಾಲು. ಇದೆಲ್ಲ ಆಗ ಯೋಚಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗೆ ಆಗ ಕಂಡದ್ದು ಅವನ ಮಣಿಕಟ್ಟು ಮಾತ್ರ. ಹಿಡಿ, ಹಿಡಿ ಎಂದು ಮೈಯೆಲ್ಲ ಕೂಗಿತು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಭಾರ ಬಿಟ್ಟು ಕೂತೆ.

ಗೂಳಪ್ಪನ ಕೈ ಹುಟ್ಟಿಗೆ ನಾಲ್ಕು ಬೆರಳಷ್ಟು ದೂರದಲ್ಲಿತ್ತು. ಅವನ ಕಣ್ಣು ಕೆಳಗೆ ಹೋಯಿತು. ಓಬವ್ವನ ಎಡಗಾಲ ಹಿಮ್ಮಡಿ ಹಲಗೆಗೆ ಮೊಳೆ ಹೊಡೆದ ಹಾಗೆ ಊರಿತ್ತು. ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಹಿಂದಕ್ಕೆ ಬಂದು, ದೋಣಿಯ ಅಂಚನ್ನು ಹಿಡಿದುಕೊಂಡಿತು. ಅವನ ಬಾಯಿಂದ ಒಂದು ಸೊಲ್ಲಿಲ್ಲ, ಹುಬ್ಬು ಏರಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಇತ್ತು.

ದೋಣಿ ಬಂಡೆಗೆ ಒಂದು ಮಾರು ಉಳಿದಿದೆ ಅನ್ನುವಾಗ ಓಬವ್ವ ಹುಟ್ಟನ್ನು ಆಳಕ್ಕಿಳಿಸಿ ಒಮ್ಮೆ ತಿರುಚಿದಳು. ಬಂಡೆಯ ಬೆನ್ನಿಂದ ಮರಳಿ ಬರುತ್ತಿದ್ದ ನೀರು ದೋಣಿಯ ಪಕ್ಕೆಗೆ ಬಡಿದು ನಮ್ಮನ್ನು ಆಚೆಗೆ ದೂಡಿತು. ಸುಳಿ ಹಿಂದೆ ಉಳಿಯಿತು. ಆಮೇಲಿನ ನೀರು ಅಗಲವಾಗಿತ್ತು, ಸಲೀಸಾಗಿತ್ತು.

ಮೊದಲು ಮಾತಾಡಿದವನು ಗೂಳಪ್ಪ. “ಓಬವ್ವ, ಅದೇನೇ ಮಾಡಿದೆ ನೀನು? ಬಂಡೆ ಕಡೆಗ್ಯಾಕೆ ತಿರುಗಿಸಿದೆ?” ಬೈಗುಳವಲ್ಲ ಅದು. ನಿಜವಾಗಿ ತಿಳಿದುಕೊಳ್ಳುವ ಆಸೆ.

“ಬಂಡೆ ಬೆನ್ನಿಗೆ ಹೋದ ನೀರು ವಾಪಸ್ ಬರ್ತದಲ್ಲ ಮಾವ, ಅದೇ ದೂಡುತ್ತೆ. ನಾವು ಜಾಸ್ತಿ ಹಾಕೋದೇ ಬೇಡ.”

“ಮೂವತ್ತು ವರ್ಷ ಆಯ್ತು ಕಣೇ ನಾನೀ ಹೊಳೇಲಿ. ನಂಗೆ ಗೊತ್ತೇ ಇರಲಿಲ್ಲ!”

“ನೀವು ಕೇಳಿರ್ಲಿಲ್ಲ,” ಅಂದಳು ಓಬವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಗು ಇತ್ತು.

“ವಾಪಸ್ ಬರೋವಾಗ ಇನ್ನೊಂದ್ಸಲ ತೋರಿಸ್ತೀಯಾ?”

“ಅಯ್ಯಯ್ಯೋ, ನಾವಿಳಿದ ಮೇಲೆ ತೋರ್ಸಮ್ಮ!” ಎಂದರು ವೈದ್ಯರು. ದೋಣಿಯಲ್ಲಿದ್ದವರೆಲ್ಲ ನಕ್ಕರು. ಹೆದರಿಕೆ ಬಿಟ್ಟ ಮೇಲೆ ಬರುವ ನಗು, ದಡ ಮುಟ್ಟಿದರೂ ನಿಲ್ಲಲಿಲ್ಲ. ನನ್ನ ಕೈ ಜೋಮು ಹಿಡಿದು ಬಹಳ ಹೊತ್ತು ಬೆರಳು ಮಡಚಲು ಬರಲಿಲ್ಲ.

ಈಗ ಕಡವಿನಲ್ಲಿ ನಾಲ್ಕು ದೋಣಿ ನೀರಿನ ಮೇಲಿವೆ. ಗೂಳಪ್ಪ ದಿನಕ್ಕೊಬ್ಬರ ದೋಣಿಯಲ್ಲಿ ಕೂತು ಅವರವರ ಕಾಲು, ಅವರವರ ಕಣ್ಣು ನೋಡುತ್ತಾನೆ. ಇಬ್ಬರಿಗೆ ಇನ್ನೂ ಪೂರ್ತಿ ಬಂದಿಲ್ಲ. ಕೆಲವೊಮ್ಮೆ ಬಾಯಿ ಜಾರುತ್ತದೆ, ಜಾರಿದರೆ ತಾನೇ ಕೆನ್ನೆ ಬಡಿದುಕೊಂಡು ಇಳಿದು ಹೋಗುತ್ತಾನೆ. ತುತ್ತು ತಾನೇ ಎತ್ತಿ ಉಣ್ಣುತ್ತಾನಂತೆ, ಕೊಟ್ರಮ್ಮ ಹೇಳಿದಳು. ಮೂಟೆಯಾಗುತ್ತೇನೆ ಎಂದು ಹೆದರಿದ್ದವನನ್ನು ಈಗ ಆಚೆ ಊರಿನ ಅಂಬಿಗರು ಕೂಡ ‘ನಮ್ಮ ದೋಣೀಲೂ ಒಂದಿನ ಕೂತ್ಕೊಳ್ರಣ್ಣ’ ಎಂದು ಕರೆಯಲು ಬರುತ್ತಾರೆ.

ನನ್ನದೊಂದು ಬಾಕಿ ಇತ್ತು. ಮೇಷ್ಟ್ರಿಗೆ ತಾಳ್ಮೆಯಿಲ್ಲ ಎಂದು ಹನ್ನೆರಡು ವರ್ಷ ಹೇಳಿಕೊಂಡು ಬಂದೆನಲ್ಲ, ಅದು ನೆಪ. ನಿಜ ಏನೆಂದರೆ ನಾನು ಪಕ್ಕದಲ್ಲಿದ್ದೂ ಮೇಷ್ಟ್ರು ಚಾಕ್‌ಪೀಸು ಕಸಿದರೆ ಊರವರು ಏನಂದಾರು ಎಂದು ನನಗೆ ಭಯ. ಹೊಳೆ ದಾಟಿದ ಮರುದಿನ ಗುರುವಾರ. ಮೇಷ್ಟ್ರು ಚಾಕ್‌ಪೀಸು ಕಸಿದರೂ ಸಹಿಸಿಕೊಳ್ಳಿ ಎಂದು ಟೀಚರುಗಳನ್ನೆಲ್ಲ ಮೊದಲೇ ಕೇಳಿ ಒಪ್ಪಿಸಿದೆ. ಆಮೇಲೆ ಆಫೀಸಿಗೆ ಹೋದೆ. “ಮೇಷ್ಟ್ರೇ, ಇವತ್ತು ನಾನು ನಿಲ್ಲಲ್ಲ, ಕೂರ್ತೀನಿ. ನಿಮ್ಮ ಕೈ ತಡೆಯಲ್ಲ. ಕೆಡುತ್ತೆ. ಕೆಡಲಿ,” ಅಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮೊದಲ ತರಗತಿಯಲ್ಲಿ ಹೋದ ತಕ್ಷಣ ಕಸಿದರು. ಎರಡನೆಯದರಲ್ಲೂ ಕಸಿದರು, ಮೂರನೆಯದರಲ್ಲೂ. ಮಕ್ಕಳು ನನ್ನ ಕಡೆ ನೋಡಿದರು, ನಾನು ಬೆಂಚಿನ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಐದನೆಯ ತರಗತಿಯಲ್ಲಿ ಟೀಚರು ಭಾಗಾಕಾರದಲ್ಲಿ ಒಂದು ಅಂಕಿ ತಪ್ಪು ಬರೆದರು. ಮೇಷ್ಟ್ರ ಕೈ ಚಾಚಿತು. ನಡುದಾರಿಯಲ್ಲಿ ನಿಂತಿತು. ಒಂದು ಉಸಿರು, ಎರಡು ಉಸಿರು, ಮೂರು. ಅಷ್ಟರಲ್ಲಿ ಟೀಚರೇ ತಪ್ಪನ್ನು ಕಂಡು, ಒರೆಸಿ, ಸರಿ ಬರೆದರು. ಮೇಷ್ಟ್ರು ಆ ಕೈಯನ್ನು ಯಾರೋ ಹೊಸಬರ ಕೈ ನೋಡುವ ಹಾಗೆ ನೋಡಿಕೊಂಡರು. ಆರನೆಯ ತರಗತಿಯಲ್ಲಿ ಮತ್ತೆ ಕಸಿದರು, ಅದು ಬೇರೆ ಮಾತು.

ಗೇಟಿನವರೆಗೂ ಅವರು ನನ್ನ ಜೊತೆ ನಡೆದು ಬಂದರು. ಏನೋ ಹೇಳಲು ಹೋಗಿ ಎರಡು ಸಲ ಸುಮ್ಮನಾದರು. ಹೇಳಿಬಿಡಿ ಅನ್ನದೆ ನಾನು ಕಾದೆ.

“ಸಾವಂತ್ರಮ್ಮನವರೇ,” ಅಂದರು ಕೊನೆಗೆ, “ಬರೋ ಗುರುವಾರಾನೂ ಕೂತ್ಕೊಳ್ಳಿ.”